ಕೀವು ಕಟ್ಟಿದ ಹಾಲುಹಲ್ಲು

ರೀ,

ಪುಟ್ಟಿಯ ಎಡಗೆನ್ನೆ ಊದಿಕೊಂಡಿದೆ, ಮೈಯೂ ಬಿಸಿಯಿದೆ. ಆಸ್ಪತ್ರೆಯಲ್ಲಿ ನನ್ನ ಪಾಳಿಗೆ ಬೇರೆ ನರ್ಸ್ ಸಿಗಲಿಲ್ಲ, ಹೋಗಲೇಬೇಕು. ಇವತ್ತು ಅಂಗಡಿ ತೆಗೆಯಬೇಡಿ. ಅವಳು ಈಗ ಮತ್ತೆ ಮಲಗಿದ್ದಾಳೆ, ಎದ್ದ ಕೂಡಲೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರಿಗೆ ಫೋನ್ ಮಾಡಿ ಹೇಳಿದ್ದೇನೆ.

"ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡು" ಅಂತ ಮತ್ತೆ ಶುರು ಮಾಡಬೇಡಿ. ಬೆಳಿಗ್ಗೆ ಬಾಯಿ ತೆರೆಸಿ ನೋಡಿದೆ. ಹುಳುಕು ಬೇರಿಗೆ ಇಳಿದು ಒಸಡಿನಲ್ಲಿ ಕೀವು ಕಟ್ಟಿದೆ. ಲವಂಗ ಇಟ್ಟು ಸುಮ್ಮನೆ ಕೂರುವ ಕಾಲ ದಾಟಿತು.

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹಠ ಮಾಡಿದ್ರೆ ಡಾಕ್ಟರ್ ಹತ್ರ ಹಲ್ಲೆಲ್ಲ ಕೀಳಿಸ್ತೀನಿ ಅಂತ ಅಪ್ಪ ಹೇಳಿದ್ರಲ್ಲಾ" ಅಂದಳು. ನೀವು ತಮಾಷೆಗೆ ಆಡಿದ ಮಾತು. ಮಗು ಅದನ್ನು ನಿಜವೆಂದುಕೊಂಡು, ನೋವು ನುಂಗಿಕೊಂಡು ಒಂದೇ ಕಡೆ ಅಗಿಯುತ್ತಿತ್ತು. ನಿಮ್ಮನ್ನು ಎಬ್ಬಿಸಿದ್ದರೆ ಜಗಳವೇ ಆಗುತ್ತಿತ್ತು, ಅದಕ್ಕೇ ಬರೆದಿಟ್ಟೆ.

ನೋಯುವುದೇ ಇಲ್ಲ ಅಂತ ಅವಳಿಗೆ ಸುಳ್ಳು ಹೇಳಬೇಡಿ. "ಸ್ವಲ್ಪ ನೋಯುತ್ತೆ, ನಾನು ಇಲ್ಲೇ ಇರ್ತೀನಿ" ಅನ್ನಿ. ತೊಡೆಯ ಮೇಲೆ ಕೂರಿಸಿಕೊಳ್ಳಿ. ಸೂಜಿ ಕಂಡರೆ ನಿಮಗೇ ತಲೆ ಸುತ್ತುತ್ತದೆ, ಗೊತ್ತು. ಬೇಕಾದರೆ ಕಣ್ಣು ಮುಚ್ಚಿಕೊಳ್ಳಿ, ಅವಳ ಕೈ ಮಾತ್ರ ಬಿಡಬೇಡಿ.