ಸುಣ್ಣದ ಗುರುತು

ಜಡೆ, ಸೊರಬ ತಾಲ್ಲೂಕು
ಆಗಸ್ಟ್ ೧೯೫೮

ಅಕ್ಕಾ, ನಮಸ್ಕಾರ.

ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಅಕ್ಷರ ಸೊಟ್ಟಗಿರುವುದು ಅವಸರಕ್ಕೆ.

ಇಲ್ಲಿಯ ಕೆರೆಯೊಳಗೆ ನಿಂತ ಮರಗಳ ತುಂಬ ಬೆಳ್ಳಕ್ಕಿಯ ಗೂಡುಗಳು. ಬಿಸಿಲೇರಿದರೆ ತಾಯಿಹಕ್ಕಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು, ತಾನು ಬಾಯ್ತೆರೆದು ಏದುಸಿರು ಬಿಡುತ್ತದೆ. ನಮ್ಮ ಪ್ರೊಫೆಸರು ಎಷ್ಟು ಮರಿ ಉಳಿಯುತ್ತವೆಂದು ಲೆಕ್ಕ ಇಡುತ್ತಾರೆ. ಎಣಿಸುವಾಗ ಯಾವ ಮರವೂ ತಪ್ಪದಿರಲೆಂದು, ನೀರು ಕಡಿಮೆಯಿದ್ದಾಗ, ಗೂಡಿದ್ದ ಮರಗಳಿಗೆಲ್ಲ ನಾನೇ ಸುಣ್ಣದ ಗುರುತು ಹಾಕಿದ್ದೆ.

ಇಂದು ಬೆಳಿಗ್ಗೆ ಸೌದೆ ಗುತ್ತಿಗೆಯ ಆಳುಗಳು ಕೊಡಲಿ ಹಿಡಿದು ಬಂದಿದ್ದಾರೆ. ನನಗೆ ಊಟ ಹಾಕುವ ದುರ್ಗಮ್ಮ ಹಣೆ ಚಚ್ಚಿಕೊಂಡರು. “ಕಡಿಯೋ ಮರಕ್ಕಲ್ವೇನ್ರೀ ಸುಣ್ಣ ಬಳಿಯೋದು! ಬಾಣಂತಿ ಮನೆಗೆ ಕೊಡಲಿ ಕರೆಸಿದ್ರಲ್ಲ, ಬಿ.ಎ. ಓದಿದ್ದು ಇದಕ್ಕಾ?”

ಮೇಸ್ತ್ರಿಯ ಮುಂದೆ ತೊದಲುತ್ತ ಬೇಡಿಕೊಂಡೆ. “ಗುರುತಿದ್ದದ್ದು ಕಡೀತೀವಿ, ಇಲ್ದಿದ್ದು ಬಿಡ್ತೀವಿ, ಅಷ್ಟೇ ಸ್ವಾಮಿ” ಎಂದು ಬೀಡಿ ಹಚ್ಚಿದ. ಮಧ್ಯಾಹ್ನದ ಊಟವಾದ ಮೇಲೆ ಶುರುಮಾಡುತ್ತಾರಂತೆ. ಪ್ರೊಫೆಸರು ಶಿಕಾರಿಪುರಕ್ಕೆ ಹೋಗಿದ್ದಾರೆ, ಸಂಜೆಯ ತನಕ ಬರುವುದಿಲ್ಲ.

ಈಗ ಕೆರೆಯಲ್ಲಿ ಎದೆಮಟ್ಟ ನೀರು. ನನಗೆ ಈಜು ಬರುವುದಿಲ್ಲವೆಂದು ನಿನಗೆ ಗೊತ್ತು. ಸುಣ್ಣ ಉಜ್ಜಲು ತೆಂಗಿನ ನಾರು, ನನ್ನ ಸೊಂಟಕ್ಕೆ ಕಟ್ಟಲು ಬಾವಿಯ ಹಗ್ಗ ಹಿಡಿದು ದುರ್ಗಮ್ಮ ಏರಿಯ ಮೇಲೆ ಕಾಯುತ್ತಿದ್ದಾರೆ. ಸೊರಬದ ಬಸ್ಸು ಹಾರ್ನ್ ಹೊಡೆಯುತ್ತಿದೆ. ಈ ಕಾರ್ಡನ್ನು ಕಂಡಕ್ಟರ ಕೈಗೆ ಕೊಟ್ಟು ನೀರಿಗಿಳಿಯುತ್ತೇನೆ.

ಅಮ್ಮನಿಗೆ ಓದಿ ಹೇಳುವಾಗ ನೀರಿನ ಮಾತು ಬಿಟ್ಟುಬಿಡು. ಹಕ್ಕಿ ರೆಕ್ಕೆ ಬಿಚ್ಚಿ ನಿಲ್ಲುವುದನ್ನಷ್ಟೇ ಹೇಳು.

ನಿನ್ನ ತಮ್ಮ,
ವಾಮನ