ಚಪ್ಪಲಿ ಗುರುತಿನ ಇಟ್ಟಿಗೆ

ವಿಳಾಸ ಹೇಳದೆ ಹೋದ ಮಲ್ಲೇಶನಿಗೆ,

ಮರಳಿಯಲ್ಲಿ ನಿಮ್ಮವ್ವನ ಮನೆಯ ಗೋಡೆ ಇವತ್ತು ಮುಗಿಸಿದೆ. ಸಿಮೆಂಟು ಕೈಗೆಟುಕದವರಿಗೆ ನಾನು ಕಟ್ಟಿದ ಹದಿನೇಳನೆಯ ಮನೆ. ಮಣ್ಣಿಗೆ ರೈಸ್ ಮಿಲ್ಲಿನ ಬೂದಿ ಕಲಸಿ, ಸುಡದೆ ಒಣಗಿಸಿದ ಅದೇ ಇಟ್ಟಿಗೆ. ನನ್ನನ್ನು ಬಿಟ್ಟುಹೋದ ದಿನ, "ಈ ಕೆಸರಿನ ಮನ್ಯಾಗ ನಾಯಿನೂ ಮಲಗಂಗಿಲ್ಲ" ಎಂದು ಒಂದು ಹಸಿ ಇಟ್ಟಿಗೆಯನ್ನು ಚಪ್ಪಲಿಗಾಲಲ್ಲಿ ತುಳಿದಿದ್ದೆಯಲ್ಲ, ಅದನ್ನೂ ಬಾಗಿಲ ಪಕ್ಕ ಕೂರಿಸಿದೆ, ನಿನ್ನ ಹೆಜ್ಜೆ ಹೊರಗೆ ಕಾಣುವಂತೆ. ಯಾರದೆಂದು ಊರವರು ಕೇಳಬೇಕು, ನಾನು ಹೇಳಬೇಕು.

ನಿಮ್ಮವ್ವ ಕೇಳದೆಯೇ ಗುರುತು ಹಿಡಿದರು. ನಾನು ಅಳುಕಿ, "ಮಣ್ಣ ಮೆತ್ತಿ ಮುಚ್ಚಲೇನ್ರಿ ಅತ್ತಿ?" ಎಂದೆ.

"ಬ್ಯಾಡವ್ವ. ಈ ಮನಿಗೆ ನನ್ನ ಮಗ ಕೊಟ್ಟಿದ್ದು ಅದೊಂದ ಐತಿ."

ಆರು ಮಳೆಗಾಲ ಅದನ್ನು ನೆನೆಯದಂತೆ ನಾನು ಯಾಕೆ ಕಾಪಾಡಿದೆ ಎಂದು ಮಾತ್ರ ಅವರು ಕೇಳಲಿಲ್ಲ.

ಸುಕನ್ಯಾ