ಹತ್ತು ದಿನದ ಮೇವು

ಹನ್ನೆರಡನೇ ತಾರೀಕು, ಸೋಮವಾರ

ಪ್ರೀತಿಯ ಅಕ್ಕಾ,

ಚಿಕ್ಕಮ್ಮನ ಮನೆಯಲ್ಲಿ ಕಿಟಕಿ ಪಕ್ಕ ಮಲಗಲು ಜಾಗ ಸಿಕ್ಕಿತೇ? ಗಾಳಿ ಇಲ್ಲದಿದ್ದರೆ ನಿನಗೆ ನಿದ್ದೆ ಹತ್ತುವುದಿಲ್ಲ. ಹೋದ ವಾರವೂ ಎರಡು ಸಲ ಇಷ್ಟೇ ಬರೆದು ಹರಿದು ಹಾಕಿದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಊಟ ಆಯಿತಾ ಎಂದಷ್ಟೇ ಕೇಳಿ ಇಟ್ಟುಬಿಡುತ್ತೇನೆ.

ನೀನು ಟೀಚರಮ್ಮ ಎಂದು ಕರೆಯುತ್ತಿದ್ದ ಬಿಳಿ ಮೊಲ ಮೊನ್ನೆ ಏಳು ಮರಿ ಹಾಕಿತು. ಹೊಟ್ಟೆಯ ತುಪ್ಪಳ ಕಿತ್ತು ಗೂಡಿಗೆಲ್ಲ ಹಾಸಿದೆ. ಅಪ್ಪ ಇಣುಕಿ ನೋಡಿ, ಇವಾದರೂ ಉಳಿಯಲಿ ಎಂದರು.

ಅಕ್ಕಾ, ಆ ನಲವತ್ತೊಂದು ಮರಿಗಳನ್ನು ಕೊಂದದ್ದು ನಿನ್ನ ಸೊಪ್ಪಲ್ಲ. ನಾನು.

ಅಂಗಡಿ ಮೇವಿನಿಂದ ಮೊಲಗಳಿಗೆ ಪದೇ ಪದೇ ಭೇದಿಯಾಗುತ್ತದೆ ಎಂದು ನೀನು ಹಿಪ್ಪುನೇರಳೆ ಎಲೆ, ನುಗ್ಗೆ ಸೊಪ್ಪು ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಗೋಧಿ ಬೂಸಾ, ಚೂರು ಬೆಳ್ಳುಳ್ಳಿ ಬೆರೆಸಿ ಹೊಸ ಮೇವು ಮಾಡಿದೆ. ಮೊಲಕ್ಕೆ ಕಷಾಯ ಕುಡಿಸುವ ಡಾಕ್ಟರಮ್ಮ ಬಂದಳು ಎಂದು ಅಪ್ಪ ನಕ್ಕರು. ಮೊದಲು ನಿಮಗೇ ಕುಡಿಸುತ್ತೇನೆ ಇರಿ ಎಂದು ನೀನೂ ನಕ್ಕೆ.

ಚಿಕ್ಕಮ್ಮನ ಹೆರಿಗೆಗೆ ಹೊರಡುವಾಗ ನೀನು ನನಗೆ ಬಿಡಿಸಿ ಹೇಳಿದ್ದೆ. ಹಳೆಯ ಮೇವಿಗೆ ಹೊಸದನ್ನು ದಿನಕ್ಕೊಂದು ಹಿಡಿ ಹೆಚ್ಚಿಸುತ್ತಾ ಹೋಗು, ಹತ್ತು ದಿನ ಬೇಕು, ಮರಿಗಳ ಹೊಟ್ಟೆ ಹೊಸದನ್ನು ಬೇಗ ಒಪ್ಪುವುದಿಲ್ಲ ಎಂದು. ಮೂರನೇ ದಿನ ಹಳೆಯ ಮೇವಿನ ಚೀಲ ಖಾಲಿಯಾಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅಪ್ಪ ಬೈಯುತ್ತಾರೆಂದು ಹೆದರಿ, ಅವರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಎಲ್ಲ ಬಟ್ಟಲಿಗೂ ಹೊಸ ಮೇವನ್ನೇ ತುಂಬಿದೆ. ಅದು ಸಾಲದೆಂದು ಇಬ್ಬನಿ ಆರದ ಹಸಿ ಸೊಪ್ಪನ್ನೂ ಹಾಕಿದೆ. ಮರಿಗಳು ಮುಗಿಬಿದ್ದು ತಿಂದವು. ನನಗೆ ಖುಷಿಯಾಯಿತು, ಅಕ್ಕಾ. ಮರುದಿನ ಹೊಟ್ಟೆ ಊದಿಸಿಕೊಂಡು, ಹಲ್ಲು ಕಡಿಯುತ್ತಾ ಮೂಲೆಗಳಲ್ಲಿ ಕೂತಿದ್ದವು.

ನೀನು ಬರುವಷ್ಟರಲ್ಲಿ ಸತ್ತ ಮರಿಗಳನ್ನು ಹೂತು ಗುಂಡಿ ಮುಚ್ಚಿ ಆಗಿತ್ತು. ನಿನ್ನ ಸೊಪ್ಪೇ ವಿಷ ಎಂದು ಅಪ್ಪ ಪುಡಿಯ ಡಬ್ಬಗಳನ್ನೆಲ್ಲ ಅಂಗಳಕ್ಕೆ ಎಸೆದರು. ನೀನು ನನ್ನ ಕಡೆ ತಿರುಗಿ, ನಾನು ಹೇಳಿದ ಹಾಗೇ ಹಾಕಿದೆ ತಾನೇ ಎಂದು ಕೇಳಿದೆ. ನಾನು ಹೂಂ ಎಂದು ತಲೆಯಾಡಿಸಿದೆ. ನೀನು ಎರಡನೇ ಸಲ ಕೇಳಲಿಲ್ಲ. ನನ್ನನ್ನು ನಂಬಿದೆ. ತಪ್ಪು ನಿನ್ನದೇ ಎಂದುಕೊಂಡು, ಇನ್ನು ಮೊಲ ಮುಟ್ಟುವುದಿಲ್ಲ ಎಂದು ಮತ್ತೆ ಚಿಕ್ಕಮ್ಮನ ಮನೆಗೇ ಹೊರಟುಹೋದೆ.

ಅಲ್ಲಿ ಹಸುವಿಗೆ ಒಂದು ಹಿಡಿ ಹುಲ್ಲು ಹಾಕಲೂ ನೀನು ಹೆದರುತ್ತೀಯಂತೆ. ಇದು ತಿನ್ನಬಹುದಾ, ಇದು ತಿನ್ನಬಹುದಾ ಎಂದು ಪ್ರತಿಯೊಂದಕ್ಕೂ ಕೇಳುತ್ತೀಯಂತೆ. ಚಿಕ್ಕಮ್ಮ ಹೇಳಿದರು. ಯಾವ ಗಿಡ ಯಾವ ಹೊಟ್ಟೆಗೆ ಒಳ್ಳೆಯದು ಎಂದು ನನಗೆ ಕಲಿಸಿದವಳು ನೀನು. ಅದನ್ನು ಕೇಳಿದ ಮೇಲೆಯೇ ನಾನು ಕಾಗದ ಬರೆಯಲು ಕೂತದ್ದು.

ಅಪ್ಪನಿಗೆ ಎಲ್ಲವನ್ನೂ ಹೇಳಿದ್ದೇನೆ. ಅವಳು ಬರಲಿ ಎಂದರು. ಬಂದುಬಿಡು ಅಕ್ಕಾ. ನನ್ನ ಹತ್ತಿರ ಮಾತಾಡದಿದ್ದರೂ ಪರವಾಗಿಲ್ಲ.

ನಿನ್ನ ತಂಗಿ

ಕಾಗದ ಮಡಚಿದ ಮೇಲೆ ಬರೆದದ್ದು: ಅಪ್ಪನಿಗೆ ಹೇಳಿದ್ದೇನೆ ಎಂದದ್ದು ಸುಳ್ಳು. ಬರಲಿ ಎಂದದ್ದೂ ನಾನೇ ಕಟ್ಟಿದ್ದು. ಅವರು ಹೊರಗೆ ಗೂಡಿನ ತಂತಿ ಬಿಗಿಯುತ್ತಿದ್ದಾರೆ, ಸದ್ದು ಕೇಳುತ್ತಿದೆ. ಈಗ ಹೋಗಿ ಹೇಳುತ್ತೇನೆ. ಹೇಳಿದ ಮೇಲೆಯೇ ಇದನ್ನು ಅಂಚೆಗೆ ಹಾಕುತ್ತೇನೆ. ಕಾಗದ ನಿನ್ನ ಕೈ ಸೇರಿತೆಂದರೆ ಹೇಳಿದ್ದೇನೆ ಎಂದು ತಿಳಿ. ಅವರು ಏನೆಂದರು ಎಂಬುದು ಇದರಲ್ಲಿ ಇರುವುದಿಲ್ಲ. ಲಕೋಟೆ ಈಗಲೇ ಅಂಟಿಸುತ್ತೇನೆ, ಮತ್ತೆ ಬಿಚ್ಚಿದರೆ ನಾನು ಇದನ್ನೂ ಹರಿದು ಹಾಕುತ್ತೇನೆ.